ವಾಕ್ಯದ ತುದಿ ಕಾಯ್ದವರು

ಕಾನೂನನ್ನು ಮಾಡುವವರು ಯಾರು ಎಂದು ಕೇಳಿದರೆ ಶಾಲೆಯ ಮಕ್ಕಳೂ ಶಾಸನಸಭೆ ಎನ್ನುತ್ತಾರೆ; ನಡೆಸುವವರು ಯಾರು ಎಂದರೆ ಸರ್ಕಾರ ಎನ್ನುತ್ತಾರೆ; ಅರ್ಥ ಹೇಳುವವರು ಯಾರು ಎಂದರೆ ನ್ಯಾಯಾಲಯ ಎನ್ನುತ್ತಾರೆ. ಆದರೆ ಸಭೆಯಲ್ಲಿ ಕೈಯೆತ್ತಿ ಒಪ್ಪಿದ ಮಾತು ಸರ್ಕಾರದ ಗೆಜೆಟ್ಟಿನಲ್ಲಿ ಅಚ್ಚಾಗಿ, ನ್ಯಾಯಾಧೀಶರ ಮೇಜಿನ ಮೇಲೆ ಹೋಗಿ ಕೂರುವ ತನಕ ಅದನ್ನು ಅಕ್ಷರ ಕೆಡದಂತೆ ದಾಟಿಸುವವರು ಯಾರೆಂದು ಯಾವ ಪಾಠದಲ್ಲೂ ಇಲ್ಲ. ಆ ದಾಟಿಸುವ ಕೆಲಸವನ್ನು ಮೂವತ್ತಾರು ವರ್ಷ ಮಾಡಿ, ಹೋದ ತಿಂಗಳ ಕೊನೆಯ ದಿನ ಕನ್ನಡಕ ಮಡಚಿಟ್ಟು ಕುರ್ಚಿಯಿಂದ ಎದ್ದವರು ನಮ್ಮ ಮುದ್ರಣಾಲಯದ ಕರಡು ತಿದ್ದುವ ವಿಭಾಗದ ಮುಖ್ಯಸ್ಥೆ, ಎಲ್ಲರ ಬಾಯಲ್ಲೂ ‘ತಕ್ಕದ್ದು ಮೇಡಂ’. ಅವರು ನಗುತ್ತ ಎದ್ದರು ಎಂದು ಇಂದು ನಿರಾಳವಾಗಿ ಬರೆಯಬಹುದಾಗಿದೆ. ನಾಲ್ಕು ತಿಂಗಳ ಹಿಂದೆ ಹಾಗೆ ಬರೆಯುವ ಧೈರ್ಯ ವಿಭಾಗದಲ್ಲಿ ಯಾರಿಗೂ ಇರಲಿಲ್ಲ.

ಈ ಅಡ್ಡಹೆಸರು ಇಟ್ಟವರು ಅಚ್ಚುಯಂತ್ರದ ಮನೆಯವರು. ನಮ್ಮ ಭಾಷೆಯ ಕಾನೂನಿನಲ್ಲಿ ಅಧಿಕಾರವೆಲ್ಲ ಇರುವುದು ವಾಕ್ಯದ ತುದಿಯಲ್ಲಿ. ಯಾರು, ಯಾರಿಗೆ, ಯಾವಾಗ, ಎಷ್ಟು ದಿನದೊಳಗೆ ಎಂದು ಮೂರು ಸಾಲು ಓಡಿದ ಮೇಲೆ ಕಟ್ಟಕಡೆಗೆ ಒಂದು ಪದ ಬಂದು, ಮಾಡಲೇಬೇಕೋ ಅಥವಾ ಮಾಡಿದರೂ ಸೈ ಬಿಟ್ಟರೂ ಸೈಯೋ ಎಂದು ತೀರ್ಮಾನಿಸುತ್ತದೆ. ‘ಕೊಡತಕ್ಕದ್ದು’ ಎಂದಿದ್ದರೆ ಅಧಿಕಾರಿ ಕೊಡಲೇಬೇಕು. ‘ಕೊಡಬಹುದು’ ಎಂದಿದ್ದರೆ ಅವನಿಗೆ ಮನಸ್ಸು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೇಡಂ ಕರಡನ್ನು ಕೈಗೆ ತೆಗೆದುಕೊಂಡರೆ ಮೊದಲು ನೋಡುತ್ತಿದ್ದದ್ದು ವಾಕ್ಯಗಳ ತುದಿಗಳನ್ನು. “ತಲೆ ಯಾರ್ದಾದ್ರೂ ಆಗ್ಲಿ, ಬಾಲ ಸರಿಯಾಗಿದ್ಯಾ ನೋಡ್ರಪ್ಪಾ” ಎನ್ನುತ್ತಿದ್ದರು. ಅದಕ್ಕೆ ಯಂತ್ರದ ಮನೆಯವರು, “ಮನೇಲೂ ಯಜಮಾನ್ರಿಗೆ ‘ಏಳು ಗಂಟೆಯೊಳಗೆ ಬರತಕ್ಕದ್ದು’ ಅಂತ ನೋಟಿಸ್ ಕೊಡ್ತಾರಂತೆ” ಎಂದು ಹಬ್ಬಿಸಿದ್ದರು. ಗಡಿಯಾರ ರಿಪೇರಿ ಮಾಡುವ ಅವರ ಯಜಮಾನರು ಒಮ್ಮೆ ವಿಭಾಗಕ್ಕೆ ಬಂದಾಗ ಆ ಮಾತನ್ನು ಅಲ್ಲಗಳೆಯಲಿಲ್ಲ. “ನಮ್ಮನೇಲಿ ಕಾನೂನು ಮಾಡೋದು ಇವಳು, ಪಾತ್ರೆ ತೊಳೆದು ಜಾರಿಗೆ ತರೋನು ನಾನು, ತಪ್ಪು ಹುಡ್ಕೋದು ನಮ್ಮಮ್ಮ. ಮೂರೂ ಬೇರೆ ಬೇರೆ ಇರೋದಕ್ಕೇ ಸಂಸಾರ ನಿಂತಿರೋದು” ಎಂದರು.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮೇಡಂ ಇಲ್ಲಿಗೆ ಸೇರಿದ್ದು ಪ್ರತಿ ಓದುವವರಾಗಿ. ಮೂಲ ಪ್ರತಿಯನ್ನು ಒಬ್ಬರು ಗಟ್ಟಿಯಾಗಿ ಓದುವುದು, ಎದುರಿಗೆ ಕುಳಿತವರು ಅಚ್ಚಾದ ಕರಡಿನ ಮೇಲೆ ಕಣ್ಣಾಡಿಸುತ್ತ ವ್ಯತ್ಯಾಸ ಕಂಡಲ್ಲಿ ಕೆಂಪು ಶಾಯಿಯಿಂದ ತಿದ್ದುವುದು, ಇದು ವಿಭಾಗದ ಕೆಲಸ. ಅಂದಿನ ಹಿರಿಯರು ಅವರಿಗೆ ಮೊದಲ ದಿನವೇ ಒಂದು ನಿಯಮ ಹೇಳಿಕೊಟ್ಟಿದ್ದರಂತೆ: ಜೋಡಿಸಿದ ಕೈ ತಿದ್ದಬಾರದು, ತಿದ್ದಿದ ಕೈ ಅಚ್ಚಿಗೆ ಹಾಕಬಾರದು. ತನ್ನ ತಪ್ಪು ತನ್ನ ಕಣ್ಣಿಗೆ ಎಂದೂ ಸರಿಯಾಗಿಯೇ ಕಾಣುತ್ತದೆ ಎಂಬುದು ಅದರ ಕಾರಣ. ವಿಭಾಗದ ಕೋಣೆಗೆ ಎರಡು ಬಾಗಿಲು, ಒಂದು ಶಾಸನಸಭೆಯ ಕಡೆಯ ಓಣಿಗೆ, ಇನ್ನೊಂದು ಸಚಿವಾಲಯದ ಅಂಗಳಕ್ಕೆ. ಮುದ್ರಣಾಲಯ ಸರ್ಕಾರದ್ದು, ಮುದ್ರಿಸುವ ಮಾತು ಸಭೆಯದು. ಎರಡೂ ಕಡೆಯ ಗಾಳಿ ಬೀಸುವ ಆ ಕೋಣೆಯಲ್ಲಿ ಮೇಡಂ ಯಾವ ಕಡೆಗೂ ವಾಲದೆ ಕುಳಿತರು. ಸಚಿವಾಲಯದಿಂದ ಯಾರೋ ಬಂದು “ಇಲ್ಲೊಂದು ಪದ ಸ್ವಲ್ಪ ಸಡಿಲ ಮಾಡಿದ್ರೆ ಚೆನ್ನಾಗಿರುತ್ತೆ” ಎಂದರೆ, “ಚೆನ್ನಾಗಿರುತ್ತೆ, ಸಭೆಗೆ ಹೋಗಿ ಕೇಳ್ಕೊಳಿ” ಎಂದು ಓಣಿಯ ಬಾಗಿಲನ್ನು ತೋರಿಸುತ್ತಿದ್ದರು.

ಅವರ ಉಪಕಾರಗಳು ಸದ್ದು ಮಾಡುವ ಜಾತಿಯವಲ್ಲ. ಅಚ್ಚಿನ ಮೊಳೆ ಜೋಡಿಸುವವರಲ್ಲಿ ಹಿರಿಯರೊಬ್ಬರ ಕಣ್ಣು ಮಂಜಾಗುತ್ತ ಬಂದಾಗ, ಎರಡು ವರ್ಷ ಕಾಲ ದಪ್ಪಕ್ಷರದ ಪ್ರಕಟಣೆಗಳೆಲ್ಲ ಅವರ ಪಾಲಿಗೇ ಬೀಳುವಂತೆ ಮೇಡಂ ಕೆಲಸ ಹಂಚಿದರು. ಆ ಹಿರಿಯರು ಕೊನೆಯವರೆಗೂ “ದೊಡ್ಡ ಕೆಲಸ ಅಂದ್ರೆ ನನಗೇ ಕೊಡ್ತಾರೆ” ಎಂದು ಹೆಮ್ಮೆಪಡುತ್ತಿದ್ದರು. ಮೊಳೆಗಳು ಹೋಗಿ ಗಣಕಯಂತ್ರಗಳು ಬಂದ ವರ್ಷ, ಕೆಲಸ ಹೋದೀತೆಂದು ಹೆದರಿದ ಆರು ಮಂದಿಯನ್ನು ಒಬ್ಬೊಬ್ಬರನ್ನಾಗಿ ಪಕ್ಕದಲ್ಲಿ ಕೂರಿಸಿಕೊಂಡು ಕೀಲಿಮಣೆ ಕಲಿಸಿದರು. ತಮಗೂ ಅದು ಆ ವಾರವಷ್ಟೇ ಬಂದಿತ್ತೆಂಬುದನ್ನು ಯಾರಿಗೂ ಹೇಳಲಿಲ್ಲ.

ಮೂರು ವರ್ಷದ ಹಿಂದೆ ಪ್ರತಿ ಓದಲು ಒಬ್ಬ ಹುಡುಗಿ ಬಂದಳು. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು. ಬೇರೆ ಎಲ್ಲಿ ಕೆಲಸ ಕೇಳಿದರೂ ಹತ್ತರ ಅಂಕಪಟ್ಟಿ ಎಲ್ಲಿ ಎನ್ನುತ್ತಿದ್ದರು. ಮೇಡಂ ಮಾತ್ರ ಎದುರಿಗೆ ಒಂದು ಹಾಳೆ ಇಟ್ಟು, “ಓದು” ಎಂದರು. ತಪ್ಪಿಲ್ಲದೆ ಓದಿದಳು. ತಾತ್ಕಾಲಿಕವಾಗಿ ಸೇರಿಸಿಕೊಂಡರು. ಅವಳಲ್ಲಿದ್ದದ್ದು ಒಂದೇ ದೋಷ: ನಾಚಿಕೆಯ ಸ್ವಭಾವದಿಂದ ವಾಕ್ಯದ ಮೊದಲಲ್ಲಿ ಕೇಳಿಸುತ್ತಿದ್ದ ದನಿ ಕೊನೆಗೆ ಬರುವಷ್ಟರಲ್ಲಿ ಇಳಿದು ನೆಲ ಸೇರುತ್ತಿತ್ತು. ಅಧಿಕಾರವೆಲ್ಲ ತುದಿಯಲ್ಲಿರುವ ಭಾಷೆಯಲ್ಲಿ ತುದಿಯೇ ಕೇಳದಿದ್ದರೆ ಏನು ಗತಿ? ಮೇಡಂ ಗದರಲಿಲ್ಲ. “ನಿನ್ನ ಗಂಟಲಿಗೆ ನಾನು ಯಾಕೆ ಕಷ್ಟ ಕೊಡ್ಲಿ? ಪೆನ್ಸಿಲ್ ತಗೋ. ‘ತಕ್ಕದ್ದು’ ಬಂದ್ರೆ ಮೇಜಿಗೆ ಒಂದ್ಸಲ ತಟ್ಟು, ‘ಬಹುದು’ ಬಂದ್ರೆ ಎರಡ್ಸಲ” ಎಂದರು. ಅಂದಿನಿಂದ ವಿಭಾಗದಲ್ಲಿ ಕಾನೂನುಗಳು ಟಕ್, ಟಕ್‌ಟಕ್ ಎಂದು ನಡೆಯತೊಡಗಿದವು. ಬಿಡುವಿನಲ್ಲಿ ಮೇಡಂ ಆ ಹುಡುಗಿಗೆ ರಾಜ್ಯಾಡಳಿತದ ಪಾಠವನ್ನೂ ಹೇಳಿದರು. ಜೋಡಿಸುವವರು ಸಭೆ, ಅಚ್ಚು ಹಾಕುವವರು ಸರ್ಕಾರ, ತಿದ್ದುವವರು ನ್ಯಾಯಾಲಯ. ಮೂವರೂ ಒಂದೇ ಮೇಜಿಗೆ ಕೂತರೆ ಕೆಲಸ ಬೇಗ ಆಗುತ್ತದೆ, ಆದರೆ ತಪ್ಪು ಯಾರಿಗೂ ಕಾಣುವುದಿಲ್ಲ ಎಂದು. ಶಾಲೆಯಲ್ಲಿ ತಲೆಗೆ ಹತ್ತದ ವಿಷಯ ಹತ್ತು ನಿಮಿಷದಲ್ಲಿ ಹತ್ತಿತು.

ಅವಳ ಕೆಲಸ ಖಾಯಮಾಗಲು ಒಂದು ತಿಂಗಳಿದ್ದಾಗ, ಮೇಡಂ ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ, ಆ ಪ್ರಸಂಗ ನಡೆಯಿತು.

ಗೆಜೆಟ್ ಮಾರುವ ಕಿಟಕಿಯ ಗುಮಾಸ್ತರು ಊಟಕ್ಕೆ ಹೋಗಿದ್ದಾಗ ಹುಡುಗಿ ಅಲ್ಲಿ ಕುಳಿತಿದ್ದಳು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಸರ್ಕಾರಿ ಕಟ್ಟಡದ ಮೆಟ್ಟಿಲ ಕೆಳಗೆ ಹೊಲಿಗೆ ಯಂತ್ರ ಇಟ್ಟುಕೊಂಡಿರುವ ಹೆಂಗಸೊಬ್ಬರು ಬಂದರು. ಸರ್ಕಾರಿ ಜಾಗಗಳ ತೆರವಿಗೆಂದು ಹೊಸದಾಗಿ ಬಂದ ಕಾನೂನಿನ ಪ್ರತಿ ಅವರಿಗೆ ಬೇಕಿತ್ತು.

“ಒಂಬತ್ತನೇ ಕಲಂ ಎಲ್ಲಿದೆ ತೋರ್ಸಮ್ಮ” ಎಂದರು. “ಆಫೀಸ್ನೋರು ಹದಿನೈದು ದಿನದಲ್ಲಿ ಖಾಲಿ ಮಾಡು ಅಂತ ಚೀಟಿ ಅಂಟಿಸಿ ಹೋದ್ರು. ನನ್ನ ಮಾತು ಕೇಳಿ ಅಂದ್ರೆ, ‘ಕೇಳಬಹುದು ಅಂತಿದೆ, ಕೇಳ್ಲೇಬೇಕು ಅಂತಿಲ್ಲ’ ಅಂತಾರೆ. ಹದಿನೇಳು ವರ್ಷ ಅವರ ಮನೆಯೋರದೇ ಬಟ್ಟೆ ಹೊಲ್ದಿದೀನಿ, ಒಂದ್ ಮಾತು ಕೇಳೋಕೆ ಏನು ರೋಗ ಅವರಿಗೆ? ಕೋರ್ಟಿಗೆ ಹಾಕಿದೀನಿ.”

ಹುಡುಗಿ ಪುಟ ತಿರುವಿದಳು. ‘ತೆರವಿನ ಆದೇಶ ಹೊರಡಿಸುವ ಮೊದಲು ಅಧಿಕಾರಿಯು ಆ ಜಾಗದಲ್ಲಿರುವವರ ಅಹವಾಲನ್ನು ಕೇಳಬಹುದು.’ ಆ ವಾಕ್ಯವನ್ನು ಓದಿದ್ದು ಅವಳೇ. ಅವಳನ್ನೂ ಅವಳ ತಾಯಿಯನ್ನೂ ಬಾಡಿಗೆಯ ಕೋಣೆಯಿಂದ ಒಂದು ಮಾತೂ ಕೇಳದೆ ಹೊರಗೆ ಹಾಕಿದ್ದ ನೆನಪಿನಿಂದ, ‘ಕೇಳತಕ್ಕದ್ದು’ ಎಂದು ಓದಿದಾಗ ಅಂದು ಒಳಗೊಳಗೇ ಸಮಾಧಾನವಾಗಿತ್ತು. ಅದು ಮರೆಯುವ ಪದವಲ್ಲ.

ಮರುದಿನ ಬೆಳಿಗ್ಗೆ ಒಂದು ಚೀಟಿ ಬರೆದು ಮೇಡಂ ಅವರ ಶಾಯಿ ಕುಡಿಕೆಯ ಕೆಳಗಿಟ್ಟಳು: ‘ಒಂಬತ್ತನೆಯದರಲ್ಲಿ ತಕ್ಕದ್ದು ಇತ್ತು. ನಾನು ಒಂದೇ ಸಲ ತಟ್ಟಿದ್ದೆ.’

ಮೇಡಂ ಚೀಟಿ ಓದಿ, ಬೀಗದ ಕಪಾಟು ತೆಗೆದು ಹಳೆಯ ಕರಡುಗಳ ಕಟ್ಟು ಬಿಚ್ಚಿದರು. ಹಾಳೆ ಸಿಕ್ಕಿತು. ‘ಕೇಳತಕ್ಕದ್ದು’ ಎಂದು ಸರಿಯಾಗಿ ಜೋಡಿಸಿದ್ದುದನ್ನು ಹೊಡೆದುಹಾಕಿ, ‘ಕೇಳಬಹುದು’ ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ಕೈಬರಹ ಅವರದೇ. ಕೆಳಗಿನ ಸಹಿಯೂ ಅವರದೇ. ದಿನಾಂಕ ನೋಡಿ ಕುರ್ಚಿಗೆ ಒರಗಿದರು.

“ಬಡಗಿ ಬಂದಿದ್ದ ದಿನ ಅಲ್ವೇನೇ ಇದು? ಅಂಗಳದ ಬಾಗಿಲಿಗೆ ಚೌಕಟ್ಟು ಕೂರ್ಸೋಕೆ?”

“ಹೂಂ ಮೇಡಂ.”

“ನೀನು ತಟ್ಟಿದ್ದು ಒಂದು. ಅವನು ಹೊಡ್ದಿದ್ದು ಒಂದು. ನಾನು ಎರಡೂ ಕೂಡಿಸಿ ಕಾನೂನು ಮಾಡ್ಬಿಟ್ಟೆ.” ನಕ್ಕರು; ನಕ್ಕು ಆ ಹಾಳೆಯನ್ನು ಕಟ್ಟಿನಿಂದ ಬೇರೆ ಎತ್ತಿಟ್ಟರು.

ಅಷ್ಟರಲ್ಲಿ ಮೊಕದ್ದಮೆ ಒಂದು ವಿಚಿತ್ರ ಸಂದಿಯಲ್ಲಿ ಸಿಕ್ಕಿಬಿದ್ದಿತ್ತು. ಸಭೆಯಲ್ಲಿ ‘ತಕ್ಕದ್ದು’ ಎಂದಿತ್ತೆಂದು ಹೊಲಿಗೆಯಾಕೆಯ ವಕೀಲರು ಪತ್ರಿಕೆಯ ವರದಿ ತೋರಿಸಿದರೆ, ಗೆಜೆಟ್ಟಿನಲ್ಲಿ ಅಚ್ಚಾದದ್ದೇ ಕಾನೂನು ಎಂದು ಸರ್ಕಾರ ವಾದಿಸಿತು. ಸಭೆಯ ಮೂಲ ಪ್ರತಿ ತರಿಸಿ ಎಂದರೆ, ನಮ್ಮ ಕಡತವನ್ನು ನ್ಯಾಯಾಲಯ ಕೇಳುವಂತಿಲ್ಲ ಎಂದು ಸಭೆಯ ಕಚೇರಿ ಹೇಳಿತು. ನಾವು ಕಾನೂನನ್ನು ಓದಬಲ್ಲೆವು, ಬರೆಯುವಂತಿಲ್ಲ ಎಂದಿತು ನ್ಯಾಯಾಲಯ. ಮೂವರೂ ತಮ್ಮ ತಮ್ಮ ಗೆರೆಯೊಳಗೆ ನಿಂತು ಹೇಳಿದ್ದು ಸರಿಯೇ. ಅವರವರ ಗೆರೆ ಅವರಿಗೆ ಭದ್ರ, ಮೆಟ್ಟಿಲ ಕೆಳಗಿನ ಹೊಲಿಗೆ ಯಂತ್ರ ಮಾತ್ರ ಬೀದಿಗೆ. ಉತ್ತರವಿದ್ದ ಹಾಳೆ ಇದ್ದದ್ದು ಮೇಡಂ ಅವರ ಕಪಾಟಿನಲ್ಲಿ.

ಅವರು ಹಾಳೆ ಹಿಡಿದು ಸೂಪರಿಂಟೆಂಡೆಂಟ್ ಸಾಹೇಬರ ಕೋಣೆಗೆ ಹೋದರು. ಸಾಹೇಬರು ಕೆಟ್ಟವರಲ್ಲ, ಹೆದರುವವರು.

“ಮೇಡಂ, ಇದನ್ನ ಯಾರು ಕೇಳಿದ್ರು ನಿಮ್ಮನ್ನ? ಕಪಾಟಲ್ಲಿ ಇತ್ತು, ಕಪಾಟಲ್ಲೇ ಇರ್ಲಿ.”

“ಆ ಹೆಂಗ್ಸು ಬೀದೀಲಿ ಕೂರ್ಬೇಕಾಗುತ್ತೆ ಸರ್.”

“ಹೇಳ್ಲೇಬೇಕು ಅಂದ್ರೆ ಹೀಗ್ ಮಾಡಿ. ಪ್ರತಿ ಓದಿದವಳು ತಪ್ಪಾಗಿ ತಟ್ಟಿದ್ಲು ಅಂತ ಬರೀರಿ. ಹೇಗೂ ತಾತ್ಕಾಲಿಕ. ಖಾಯಂ ಆಗಲ್ಲ, ಅಷ್ಟೇ. ನೀವು ಮೂವತ್ತಾರು ವರ್ಷ ಒಂದು ಕಪ್ಪು ಚುಕ್ಕೆ ಇಲ್ದೇ ಬಂದೋರು, ಹಾರ ಹಾಕಿಸ್ಕೊಂಡು ಹೋಗಿ.”

“‘ಅಷ್ಟೇ’ ಅಂದ್ರೆ ಎಷ್ಟು ಸರ್?” ಎಂದರು ಮೇಡಂ.

ಎಷ್ಟೆಂದು ಇಬ್ಬರಿಗೂ ಗೊತ್ತಿತ್ತು. ಅಂಕಪಟ್ಟಿ ಕೇಳದೆ ಆ ಹುಡುಗಿಯನ್ನು ಒಳಗೆ ಬಿಟ್ಟುಕೊಂಡ ಬಾಗಿಲು ಊರಿಗೆಲ್ಲ ಇದೊಂದೇ. ಇದು ಮುಚ್ಚಿದರೆ ಇನ್ನೊಂದಿರಲಿಲ್ಲ. ಮೇಡಂ ಅವರನ್ನು ಕಾಡಿದ್ದೂ ಅದೇ. ಸತ್ಯ ಹೇಳದಿದ್ದರೆ ಹೊಲಿಗೆಯಾಕೆಯ ಜಾಗ ಹೋಗುತ್ತದೆ. ಹೇಳಿದರೆ, ತಪ್ಪನ್ನು ತಾವು ಎಷ್ಟೇ ಹೊತ್ತುಕೊಂಡರೂ, ಮೇಲಿನವರು ಕೆಳಗಿನವಳ ತಲೆಗೇ ಕಟ್ಟಿಬಿಟ್ಟರೆ?

ಮನೆಯಲ್ಲಿ ಅತ್ತೆಯವರು ಸೊಸೆ ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದನ್ನು ನೋಡಿ ವಿಚಾರಣೆ ನಡೆಸಿದರಂತೆ. ಗಡಿಯಾರದ ಯಜಮಾನರು ಮುಂದೆ ಎಷ್ಟೋ ಸಲ ಅದನ್ನು ಅಭಿನಯಿಸಿ ತೋರಿಸಿದ್ದಾರೆ.

“ತಪ್ಪು ಯಾರ ಕೈಲಾಯ್ತು?”

“ನನ್ನ ಕೈಲೇ ಅತ್ತೆ.”

“ಬಡಗಿ ಕೈಲಲ್ವಾ?”

“ಅವನು ಮೊಳೆ ಹೊಡೀತಿದ್ದ. ಕಿವಿ ಕೊಟ್ಟೋಳು ನಾನು. ಅನುಮಾನ ಬಂದಿದ್ರೆ ಇನ್ನೊಂದ್ಸಲ ಓದು ಅನ್ಬೇಕಿತ್ತು. ಅವತ್ತು ಅವಸರ, ಅನ್ಲಿಲ್ಲ.”

“ಮತ್ತೆ ಯಾರ ಹೆಸರು ಬರೀಬೇಕು ಅಂತ ಇಷ್ಟು ಹೊತ್ತು ಯೋಚ್ನೆ ಮಾಡ್ತಿದೀಯ? ಊಟ ಆರ್ತಿದೆ, ತಿನ್ನು.”

ಮರುದಿನ ಮೇಡಂ ಬರೆದ ಪತ್ರ ಒಂದು ಪುಟವೂ ಇರಲಿಲ್ಲ. ಕರಡಿನ ಮೇಲಿನ ಕೆಂಪು ಶಾಯಿ ತಮ್ಮದು. ಮೇಜು ತಟ್ಟುವ ಪದ್ಧತಿಯನ್ನು ನಿಯಮದಲ್ಲಿಲ್ಲದಿದ್ದರೂ ತಂದವರು ತಾವು. ಪ್ರತಿ ಓದಿದವಳು ಸರಿಯಾಗಿ ಓದಿದ್ದಳು, ತಪ್ಪನ್ನು ಮೊದಲು ಕಂಡು ತಿಳಿಸಿದವಳೂ ಅವಳೇ. ತಿದ್ದಿದವರು ಮಾತ್ರ ತಪ್ಪಿದರು. ಇಷ್ಟೇ. ಸಭೆಗೆ, ಸರ್ಕಾರಕ್ಕೆ, ನ್ಯಾಯಾಲಯಕ್ಕೆ ಒಂದೊಂದು ಪ್ರತಿ. ಸಾಹೇಬರು ಮುಖ ಊದಿಸಿಕೊಂಡೇ ಮೂರಕ್ಕೂ ಮೊಹರು ಒತ್ತಿದರು.

ನ್ಯಾಯಾಲಯದಲ್ಲಿ ಮೇಡಂ, ಹುಡುಗಿ ಇಬ್ಬರನ್ನೂ ಕರೆದರು. ಸರ್ಕಾರದ ವಕೀಲರು ಏರುದನಿಯಲ್ಲಿ, “ಸಭೆ ಒಪ್ಪಿದ ಪದವನ್ನ ಬದಲಾಯಿಸೋ ಅಧಿಕಾರ ನಿಮಗೆ ಯಾರು ಕೊಟ್ರು?” ಎಂದು ಕೇಳಿದರು.

“ಯಾರೂ ಕೊಟ್ಟಿಲ್ಲ ಸ್ವಾಮಿ” ಎಂದರು ಮೇಡಂ. “ಅದಕ್ಕೇ ಬಂದಿರೋದು. ನನ್ನದಲ್ಲದ ಅಧಿಕಾರ ಕೈತಪ್ಪಿ ಚಲಾಯಿಸಿಬಿಟ್ಟೆ. ಯಾರದ್ದೋ ಅವರು ವಾಪಸ್ ತಗೊಳ್ಲಿ ಅಂತ ತಂದುಕೊಟ್ಟಿದೀನಿ.”

ನ್ಯಾಯಾಧೀಶರು ತಲೆ ತಗ್ಗಿಸಿ ಏನೋ ಬರೆದುಕೊಂಡರು; ನಗು ಮರೆಸಲೆಂದು ಕಾಣುತ್ತದೆ. ಆಮೇಲೆ ಹುಡುಗಿಯ ಕಡೆ ತಿರುಗಿ, ಅಂದು ಎಷ್ಟು ಸಲ ತಟ್ಟಿದ್ದೆ ಎಂದು ಕೇಳಿದರು. ಅವಳು ಹೇಳಿದಳು. “ಕೇಳಿಸ್ಲಿಲ್ಲಮ್ಮ” ಎಂದರು. ಮತ್ತೆ ಹೇಳಿದಳು. ಮತ್ತೆ ಕೇಳಿಸಲಿಲ್ಲ. ಆಗ ಅವಳು ಕಟಕಟೆಯ ಮರಕ್ಕೆ ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟಿದಳು. ಕೋಣೆಯ ಕೊನೆಯ ಬೆಂಚಿನವರಿಗೂ ಕೇಳಿಸಿತು.

ಆಮೇಲಿನದು ಒಂದೊಂದಾಗಿ ಸಡಿಲವಾಯಿತು. ತಾನು ಆಡಿದ ಮಾತು ದಾರಿಯಲ್ಲಿ ಬದಲಾಗಿದೆಯೆಂದು ತಿಳಿದ ಮೇಲೆ ಸಭೆ ಸುಮ್ಮನಿರಲಿಲ್ಲ. ನ್ಯಾಯಾಲಯ ಕೇಳಿತೆಂದಲ್ಲ, ನಮ್ಮ ಮಾತನ್ನು ನಾವೇ ಕಾಯಬೇಕೆಂದು ಒಕ್ಕಣೆ ಬರೆದು, ಸಭಾಧ್ಯಕ್ಷರು ಮೂಲ ಪ್ರತಿಯನ್ನು ಕಳುಹಿಸಿಕೊಟ್ಟರು. ಅದರಲ್ಲಿ ‘ಕೇಳತಕ್ಕದ್ದು’ ಎಂದಿತ್ತು. ಸಭೆ ಒಪ್ಪಿದ ಪದವೇ ಕಾನೂನು, ಅಚ್ಚು ಅದರ ನೆರಳು ಎಂದು ತೀರ್ಪಾಯಿತು. ಅಹವಾಲು ಕೇಳದೆ ಅಂಟಿಸಿದ ಚೀಟಿಗಳು ರದ್ದಾದವು. ಸರ್ಕಾರ ತಿದ್ದೋಲೆ ಹೊರಡಿಸಬೇಕಾಯಿತು. ಆ ತಿದ್ದೋಲೆಯ ಕರಡು ವಿಭಾಗಕ್ಕೆ ಬಂದ ದಿನ ಮೇಡಂ ಅದನ್ನು ಮುಟ್ಟಲಿಲ್ಲ. ತಪ್ಪಿದ ಕೈ ತಾನೇ ತಿದ್ದಬಾರದೆಂದು, ಕಿರಿಯರಿಗೆ ಒಪ್ಪಿಸಿ ಹೊರಗಿನ ಬೆಂಚಿನ ಮೇಲೆ, ಆಸ್ಪತ್ರೆಯಲ್ಲಿ ಒಳಗಿನವರಿಗಾಗಿ ಕಾಯುವವರಂತೆ ಕುಳಿತಿದ್ದರು. ಒಂದೇ ಸಾಲಿನ ತಿದ್ದೋಲೆ. ಕಿರಿಯರು ಅದನ್ನು ಹನ್ನೊಂದು ಸಲ ಓದಿದರು.

ಆದರೆ ಹುಡುಗಿಯ ವಿಷಯ ಇನ್ನೂ ತೂಗುತ್ತಿತ್ತು. ನೌಕರರ ಶಿಸ್ತು ಸರ್ಕಾರದ ಕೆಲಸ, ನ್ಯಾಯಾಲಯದ್ದಲ್ಲ ಎಂದು ತೀರ್ಪಿನಲ್ಲೇ ಬರೆದಿತ್ತು. ಮೂರು ವಾರ ಕಡತ ಮೇಲೆ ಇತ್ತು. ಮೇಡಂ ಎರಡು ಸಲ ಸಚಿವಾಲಯಕ್ಕೆ ಹೋಗಿ, ತಮ್ಮ ಪತ್ರದಲ್ಲಿ ‘ಸರಿಯಾಗಿ ಓದಿದ್ದಳು’ ಎಂಬ ಸಾಲಿಗೆ ಅಡಿಗೆರೆ ಎಳೆದು ಬಂದರು. “ಬಡಗಿ ಮೇಲೆ ಕ್ರಮ ತಗೊಳ್ಬೇಕಾ?” ಎಂದು ಅಲ್ಲಿಯ ಗುಮಾಸ್ತರೊಬ್ಬರು ಗಂಭೀರವಾಗಿ ಕೇಳಿದ್ದರಂತೆ. “ಬಾಗ್ಲು ಚೆನ್ನಾಗಿ ಕೂರ್ಸಿದಾನೆ ಬಿಡಿ” ಎಂದು ಬಂದರು.

ಒಂದು ಮಧ್ಯಾಹ್ನ ಸಾಹೇಬರು ಎರಡು ಲಕೋಟೆ ಹಿಡಿದು ತಾವೇ ವಿಭಾಗಕ್ಕೆ ನಡೆದು ಬಂದರು. ಮೊದಲನೆಯದು ಮೇಡಂಗೆ: ಇನ್ನು ಮುಂದೆ ಎಚ್ಚರ ವಹಿಸತಕ್ಕದ್ದು ಎಂಬ ಲಿಖಿತ ಎಚ್ಚರಿಕೆ, ಮೂವತ್ತಾರು ವರ್ಷದಲ್ಲಿ ಮೊದಲನೆಯದು. ಎರಡನೆಯದನ್ನು ಹುಡುಗಿಯ ಕೈಗೆ ಕೊಟ್ಟರು. ಅವಳಿಗೆ ಬಿಡಿಸಲು ಕೈ ಬರಲಿಲ್ಲ. ಮೇಡಂ ತೆಗೆದುಕೊಂಡು, ಹೆಸರನ್ನಾಗಲಿ ದಿನಾಂಕವನ್ನಾಗಲಿ ನೋಡದೆ, ನಾಲ್ಕು ಸಾಲಿನ ಆ ವಾಕ್ಯದ ಕೊನೆಗೆ ಕಣ್ಣು ಹಾಯಿಸಿದರು. ‘ಖಾಯಂ ಆಗಿ ನೇಮಿಸಲಾಗಿದೆ.’ ಅವರ ಬಾಯಿಂದ ಹೊರಟ ಉಸಿರಿಗೆ ಮೇಜಿನ ಮೇಲಿನ ಹಾಳೆಗಳು ಅಲುಗಿದವು. ತಮ್ಮ ಎಚ್ಚರಿಕೆ ಪತ್ರವನ್ನು ಅವರು ಓದಿದ್ದು ಅದಾದ ಮೇಲೆ. ಓದಿ, “ವ್ಯಾಕರಣ ಸರಿಯಾಗಿದೆ” ಎಂದು ಮಡಚಿಟ್ಟರು.

ನಿವೃತ್ತಿಯ ದಿನ ಹಾರ ಹಾಕಿದರು. ಕಪ್ಪು ಚುಕ್ಕೆ ಒಂದಿದೆ, ಹಾರ ಬೇಡ ಎಂದು ಮೇಡಂ ಹಿಂಜರಿದಾಗ, ಮೊದಲ ಹಾರ ತಂದವರು ಸೂಪರಿಂಟೆಂಡೆಂಟ್ ಸಾಹೇಬರೇ. “ಚುಕ್ಕಿ ಇಲ್ದೇ ವಾಕ್ಯ ಮುಗಿಯುತ್ತಾ ಮೇಡಂ?” ಎಂದರು. ತಮ್ಮ ಸೇವಾವಧಿಯಲ್ಲಿ ಸಾಹೇಬರು ಆಡಿದ ಒಳ್ಳೆಯ ಮಾತು ಅದೊಂದೇ ಎಂದು ಯಂತ್ರದ ಮನೆಯವರ ಅಭಿಪ್ರಾಯ.

ಈಗ ತಕ್ಕದ್ದು ಮೇಡಂ ಮನೆಯಲ್ಲಿ ಕುಳಿತಿಲ್ಲ. ವಾರಕ್ಕೆ ಮೂರು ಬೆಳಿಗ್ಗೆ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಇರುತ್ತಾರೆ. ಪಾತ್ರೆ ಅಂಗಡಿಯವರು, ಚಪ್ಪಲಿ ಹೊಲಿಯುವವರು, ಕೊಡೆ ರಿಪೇರಿಯ ಮುದುಕರು ತಂತಮ್ಮ ನೋಟಿಸುಗಳನ್ನು ತಂದು ಕೊಡುತ್ತಾರೆ. ಅವರು ಓದಿ, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂದು ಬಿಡಿಸಿ ಹೇಳುತ್ತಾರೆ. ನೋಟಿಸು ಕಳಿಸುವ ಕಚೇರಿಗಳಲ್ಲಿ ಈಚೆಗೆ ಕರಡನ್ನು ಎರಡೆರಡು ಸಲ ಓದುತ್ತಾರೆಂದು ಕೇಳಿಬಂದಿದೆ. ಅವರ ಕಣ್ಣು ಹೀಗೇ ಚುರುಕಾಗಿರಲಿ, ಅತ್ತೆಯವರ ವಿಚಾರಣೆಯೂ ಯಜಮಾನರ ಜಾರಿಯೂ ನಿರ್ವಿಘ್ನವಾಗಿ ಸಾಗಲಿ, ಆ ಸ್ಟೂಲಿನ ಮುಂದೆ ಸಾಲು ಎಂದೂ ಕರಗದಿರಲಿ, ನೂರು ವರ್ಷ ಅವರು ಅಲ್ಲಿ ಕುಳಿತು ಓದಲಿ ಎಂದು ವಿಭಾಗದ ಎಲ್ಲರ ಹಾರೈಕೆ. ಈ ಬರಹದ ಕರಡನ್ನು ಅವರಿಗೆ ತೋರಿಸಿಲ್ಲ. ತಪ್ಪುಗಳಿದ್ದರೆ ಅಚ್ಚಾದ ಪ್ರತಿ ಕೈಗೆ ಬಂದ ದಿನವೇ ಕೆಂಪು ಶಾಯಿಯಲ್ಲಿ ತಿಳಿಸುತ್ತಾರೆ, ಆ ಭರವಸೆ ಇದೆ.